ಔಷಧದ ಹೆಸರು, ಔಷಧದ ಬೆಲೆ

ಕಾಯವನ್ನು ಕಾಯಕದ ಸಾಧನವೆಂದು ಕಂಡ ಶರಣ ಪರಂಪರೆಯಲ್ಲಿ ಆರೋಗ್ಯರಕ್ಷಣೆಯೂ ಧರ್ಮದ ಅಂಗವೇ ಆಗಿದೆ. ಆದರೆ ರಕ್ತದೊತ್ತಡ, ಮಧುಮೇಹಗಳಿಗೆ ನಿತ್ಯವೂ ಮಾತ್ರೆ ಸೇವಿಸಬೇಕಾದ ಅನೇಕರು ತಿಂಗಳ ಕೊನೆಗೆ ಹಣ ಸಾಲದೆ ಅದನ್ನು ನಿಲ್ಲಿಸುವುದನ್ನು ನಾವು ವೃತ್ತಿಯಲ್ಲಿ ಕಾಣುತ್ತಲೇ ಬಂದಿದ್ದೇವೆ. ಇದರ ಪರಿಣಾಮ ಪಾರ್ಶ್ವವಾಯುವಾಗಿಯೋ ಮೂತ್ರಪಿಂಡದ ವೈಫಲ್ಯವಾಗಿಯೋ ಎದುರಾಗಬಹುದು. ಆದ್ದರಿಂದ ಔಷಧದ ಬೆಲೆ ನಿರ್ಧಾರವಾಗುವ ಬಗೆಯನ್ನು ಸದ್ಭಕ್ತರು ಅರಿತಿರುವುದು ಒಳಿತು.

ಪ್ರತಿ ಔಷಧಕ್ಕೂ ಅದರ ಮೂಲದ್ರವ್ಯವನ್ನು ಸೂಚಿಸುವ ಹೆಸರೊಂದುಂಟು. ಅದು ಜನರಿಕ್ ಹೆಸರು. ಕಂಪನಿಯು ತನ್ನ ಉತ್ಪನ್ನಕ್ಕೆ ಇಡುವುದು ಬ್ರ್ಯಾಂಡ್ ಹೆಸರು. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಒಂದೇ. ಕ್ರೋಸಿನ್, ಡೋಲೋ, ಕಾಲ್ಪಾಲ್‌ಗಳು ಅದರ ಬ್ರ್ಯಾಂಡ್‌ಗಳು.

ಸರ್ಕಾರದ ನಿಯಂತ್ರಣ

ನಮ್ಮ ದೇಶದಲ್ಲಿ 1997ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು 2013ರ ಬೆಲೆ ನಿಯಂತ್ರಣ ಆದೇಶದಂತೆ ಅತ್ಯಗತ್ಯ ಔಷಧಗಳಿಗೆ ಗರಿಷ್ಠ ಬೆಲೆಯನ್ನು ಗೊತ್ತುಪಡಿಸುತ್ತದೆ. ಮಾರುಕಟ್ಟೆಯಲ್ಲಿ ಶೇ. 1 ಅಥವಾ ಹೆಚ್ಚಿನ ಪಾಲುಳ್ಳ ಉತ್ಪನ್ನಗಳು ಅಂಗಡಿಗೆ ಸೇರುವ ಬೆಲೆಯ ಸರಾಸರಿ ತೆಗೆದು, ಅಂಗಡಿಯವರ ಲಾಭಕ್ಕೆಂದು ಶೇ. 16ನ್ನು ಕೂಡಿಸುವುದು ಅದರ ಕ್ರಮ. ಮೂರು ಕಂಪನಿಗಳು ಒಂದೇ ಮಾತ್ರೆಯನ್ನು 4, 6, 8 ರೂಪಾಯಿಗಳಿಗೆ ಕೊಡುತ್ತವೆಂದು ಭಾವಿಸೋಣ. ಸರಾಸರಿ 6 ರೂಪಾಯಿ. ತೆರಿಗೆ ಬಿಟ್ಟು ಗರಿಷ್ಠ ಬೆಲೆ 6 ರೂಪಾಯಿ 96 ಪೈಸೆ. ದುಬಾರಿಯಾದುದು ಇಳಿಯಲೇಬೇಕು, ಅಗ್ಗವಾದುದು ಈ ಮಿತಿಯವರೆಗೆ ಏರುವಂತಿಲ್ಲ. ಪಟ್ಟಿಯ ಹೊರಗಿನ ಔಷಧಗಳ ಬೆಲೆಯನ್ನಾದರೋ ವರ್ಷಕ್ಕೆ ಶೇ. 10ರವರೆಗೆ ಏರಿಸಲು ಅವಕಾಶವಿದೆ. ಆಯುರ್ವೇದ ಔಷಧಗಳು ಈ ಆದೇಶದ ವ್ಯಾಪ್ತಿಗೇ ಬರುವುದಿಲ್ಲವೆಂಬುದನ್ನೂ ಹೇಳಬೇಕು.

ಸ್ಪರ್ಧೆ ಏಕೆ ಸಾಲದು?

ಗರಿಷ್ಠ ಬೆಲೆಯು ಅತಿಲೋಭಕ್ಕೆ ಕಡಿವಾಣ ಹಾಕುತ್ತದೆ. ಅಗ್ಗದ ಔಷಧವನ್ನು ರೋಗಿಯ ಕೈಗೆ ತಲುಪಿಸಲಾರದು. ಮಾರಾಟ ತೀರ ಕಡಿಮೆಯಿರುವ ಅಗ್ಗದ ಉತ್ಪನ್ನವು ಸರಾಸರಿಯ ಲೆಕ್ಕಕ್ಕೂ ಸಿಗದು. ಅಲ್ಲದೆ ಇತರ ಸರಕುಗಳಲ್ಲಿ ಕೊಳ್ಳುವವನೇ ಆಯ್ಕೆ ಮಾಡುತ್ತಾನೆ. ಔಷಧದಲ್ಲಿ ಬರೆಯುವವರು ವೈದ್ಯರು, ಹಣ ತೆರುವವನು ರೋಗಿ. ವೈದ್ಯರ ಚೀಟಿಯಿಂದಲೇ ಕೊಡಬೇಕಾದ ಔಷಧಗಳಲ್ಲಿ, ಬರೆದ ಬ್ರ್ಯಾಂಡಿಗೆ ಬದಲಾಗಿ ಬೇರೊಂದನ್ನು ಅಂಗಡಿಯವರು ಕೊಡಲು ನಿಯಮ ಒಪ್ಪುವುದಿಲ್ಲ. ಹೀಗಾಗಿ ಕಂಪನಿಗಳ ಪೈಪೋಟಿ ಬೆಲೆ ಇಳಿಸುವುದಕ್ಕಿಂತ ವೈದ್ಯರ ನೆನಪಿನಲ್ಲಿ ಉಳಿಯುವುದಕ್ಕೇ ನಡೆಯುತ್ತದೆ. ಜನರಿಕ್ ಹೆಸರನ್ನೇ ಬರೆಯಬೇಕೆಂಬ 2023ರ ಆಗಸ್ಟ್‌ನ ನಿಯಮವು, ಗುಣಮಟ್ಟದ ಖಾತರಿಯಿಲ್ಲವೆಂಬ ವೈದ್ಯ ಸಂಘಟನೆಯ ಆಕ್ಷೇಪದ ನಡುವೆ, ಅದೇ ತಿಂಗಳು ತಡೆಹಿಡಿಯಲ್ಪಟ್ಟಿತು. ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಪ್ರಯೋಗಾಲಯಗಳ ಕಟ್ಟುನಿಟ್ಟಾದ ಪರೀಕ್ಷೆಯಿಂದ ಮೂಡಿದ ನಂಬಿಕೆಯೇ ಅಗ್ಗದ ಔಷಧದ ನಿಜವಾದ ಬಲ.

ನಾವು ಮಾಡಬಹುದಾದುದು

1. ಚೀಟಿಯಲ್ಲಿ ಜನರಿಕ್ ಹೆಸರನ್ನೂ ಬರೆಯುವಂತೆ ವೈದ್ಯರನ್ನು ವಿನಯದಿಂದ ಕೇಳಬೇಕು.

2. 2008ರಲ್ಲಿ ಆರಂಭವಾದ ಜನೌಷಧಿ ಯೋಜನೆಯ ಕೇಂದ್ರಗಳಲ್ಲಿ ಆ ಔಷಧದ ಬೆಲೆಯನ್ನು ವಿಚಾರಿಸಬೇಕು. ಅಲ್ಲಿಯ ಔಷಧಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿಯೇ ಪೂರೈಸುವ ವ್ಯವಸ್ಥೆಯಿದೆ.

3. ಹೆಸರಿನ ಜೊತೆಗೆ ಮಿಲಿಗ್ರಾಂ ಪ್ರಮಾಣ ಹಾಗೂ ಅವಧಿ ಮುಗಿಯುವ ದಿನಾಂಕವನ್ನು ನೋಡಿ, ರಸೀದಿ ಪಡೆಯಬೇಕು.

4. ಅಪಸ್ಮಾರ, ಥೈರಾಯ್ಡ್ ಹಾಗೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಗಳನ್ನು ವೈದ್ಯರ ಸಲಹೆಯಿಲ್ಲದೆ ಬದಲಿಸಬಾರದು.

5. ಬೆಲೆ ಭಾರವಾದರೆ ಅದನ್ನು ವೈದ್ಯರಿಗೆ ತಿಳಿಸಬೇಕು; ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು.

ಅನ್ನದಾಸೋಹ, ಜ್ಞಾನದಾಸೋಹಗಳಂತೆ ಔಷಧದ ಅರಿವನ್ನು ನೆರೆಹೊರೆಗೆ ಹಂಚುವುದೂ ದಾಸೋಹವೇ. ಓದಲು ಬಾರದ ಹಿರಿಯರ ಚೀಟಿಯನ್ನು ಓದಿ ಹೇಳಿ, ಜನೌಷಧಿ ಕೇಂದ್ರದ ದಾರಿ ತೋರಿದರೂ ಒಂದು ಮನೆಯ ಭಾರ ಇಳಿದೀತು.