ಮೂರು ಟ್ಯೂಬು ಸಾಕವ್ವ

ತಂಗಿ, 24 ಟ್ಯೂಬಿನ ಜಲವರ್ಣದ ಡಬ್ಬಿ ಕೊಂಡಿದ್ದೀಯಂತೆ. ತಂದದ್ದನ್ನು ವಾಪಸು ಕೊಡು ಅನ್ನೋದಿಲ್ಲ. ಆದರೆ ಅದರಿಂದ ಮೂರೇ ಟ್ಯೂಬು ಹೊರಗಿಟ್ಟುಕೊಂಡು ಉಳಿದದ್ದನ್ನು ಅಟ್ಟದ ಮೇಲೆ ಹಾಕು: ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ, ಲೆಮನ್ ಯೆಲ್ಲೋ. ಮುಂಗಾರು, ಹಿಂಗಾರು ಎರಡೂ ಮುಗಿಯುವವರೆಗೆ ಇಷ್ಟರಲ್ಲೇ ನಿಮ್ಮೂರು ಗೊರೇಬಾಳವನ್ನು ಬರೆ.

ಮೊದಲ ವಾರ ಚಿತ್ರದ ಗೊಡವೆಗೇ ಹೋಗಬೇಡ. ಬಿಳಿ ಪಿಂಗಾಣಿ ತಟ್ಟೆಯಲ್ಲಿ ನೀಲಿ ಒಂದು ಕಡೆ, ಸಿಯೆನ್ನಾ ಇನ್ನೊಂದು ಕಡೆ ಇಟ್ಟುಕೊಂಡು, ಕಾಗದದ ಪಟ್ಟಿಯ ಮೇಲೆ ಶುದ್ಧ ನೀಲಿಯಿಂದ ಶುರುಮಾಡಿ ಚೂರುಚೂರೇ ಸಿಯೆನ್ನಾ ಬೆರೆಸುತ್ತಾ ಹೋಗು. ಮೊದಲು ಮಳೆ ಹೊತ್ತ ಮೋಡದ ಬಣ್ಣ ಬರುತ್ತದೆ, ನಡುವೆ ಬೂದಿ, ಆಮೇಲೆ ಹಸಿ ಎರೆ, ಕೊನೆಗೆ ಒಣಗಿ ಬಿರಿದ ಎರೆ. ನೀರು ಕಡಿಮೆ ಮಾಡಿ ಗಟ್ಟಿಯಾಗಿ ಹಚ್ಚಿದರೆ ಹೆಚ್ಚುಕಡಿಮೆ ಕಪ್ಪೇ. ಹಾಗಾಗಿ ಕಪ್ಪು ಟ್ಯೂಬಿನ ಹಂಗು ನಿನಗೆ ಬೇಡ. ಕಪ್ಪು ಟ್ಯೂಬು ಹಚ್ಚಿದ ಎರೆಹೊಲ ಡಾಂಬರು ಹಾಕಿದಂತೆ ಕಾಣುತ್ತದೆ. ನೀಲಿ–ಸಿಯೆನ್ನಾ ಬೆರೆತ ಕಪ್ಪಿನಲ್ಲಿ ಎರಡೂ ಬಣ್ಣ ಅಲ್ಲಲ್ಲಿ ಬಿಟ್ಟುಕೊಂಡು ಇಣುಕುತ್ತವೆ. ಅಲ್ಟ್ರಾಮರೀನ್ ಕಾಗದದ ತಗ್ಗುಗಳಲ್ಲಿ ಕಾಳುಕಾಳಾಗಿ ಕೂರುವ ಬಣ್ಣ, ಮಣ್ಣಿಗೆ ಆ ಗುಣ ಚೆನ್ನಾಗಿ ಒಪ್ಪುತ್ತದೆ. (ಹಿಂದೆ ಬಿಳಿ ಬಟ್ಟೆಗೆ ಹಾಕುತ್ತಿದ್ದ ನೀಲಿ ಪುಡಿಯೂ ಇದೇ ಜಾತಿಯದು. ನಿಮ್ಮ ಅಜ್ಜಿಯನ್ನು ಕೇಳು.)

ಇನ್ನು ಭತ್ತ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಸಿಂಧನೂರು ಸೀಮೆಯಲ್ಲಿ ಕಣ್ಣಿಗೆ ಬೀಳುವುದೆಲ್ಲ ಹಸಿರೇ. ಅಲ್ಲೇ ಹುಡುಗರು ಎಡವುವುದು: ಟ್ಯೂಬಿನ ಹಸಿರನ್ನು ಹಾಗೇ ಬಳಿದುಬಿಡುತ್ತಾರೆ. ನಾಟಿಯಾದ ಹೊಸದರಲ್ಲಿ ಮಡಿ ನೋಡು, ಅಲ್ಲಿ ಸಸಿಗಿಂತ ನೀರೇ ಹೆಚ್ಚು, ನೀರಿನಲ್ಲಿ ಆಕಾಶ. ಮೊದಲು ತೆಳು ನೀಲಿ ಹಾಸು, ಪೂರಾ ಒಣಗಲಿ, ಆಮೇಲೆ ಹಳದಿಗೆ ತುಸು ನೀಲಿ ಸೇರಿಸಿ ಸಣ್ಣ ಗೆರೆಗಳನ್ನು ಎಳೆ. ತೆನೆ ಬಾಗುವ ಹೊತ್ತಿಗೆ ಅದೇ ಹಸಿರಿಗೆ ಸಿಯೆನ್ನಾ ಸೇರಿದರೆ ಆಯಿತು. ಒಂದು ಕೊರತೆ ಹೇಳಿಬಿಡುತ್ತೇನೆ: ಅಲ್ಟ್ರಾಮರೀನಿನಲ್ಲಿ ಕೆಂಪಿನ ಛಾಯೆ ಇರುವುದರಿಂದ ಸಸಿಮಡಿಯ ಆ ಎಳೆ ಹಸಿರು ಪೂರ್ತಿ ಕೈಗೆ ಹತ್ತುವುದಿಲ್ಲ. ಅದರ ಸುತ್ತ ಬೂದು, ಕಂದು ಇಟ್ಟು ನೋಡು, ಇದ್ದ ಹಸಿರೇ ಎದ್ದು ಕಾಣುತ್ತದೆ.

ಬಿಳಿ ಟ್ಯೂಬೂ ಬೇಡ. ಬದುವಿನ ಮೇಲಿನ ಬೆಳ್ಳಕ್ಕಿ, ಒಡೆದ ಹತ್ತಿ, ಎಲ್ಲವೂ ಬಣ್ಣ ತಾಕದೆ ಬಿಟ್ಟ ಕಾಗದ. ಎಲ್ಲಿ ಬಿಡಬೇಕು ಅನ್ನುವುದನ್ನು ಕುಂಚ ಹಿಡಿಯುವ ಮೊದಲೇ ಪೆನ್ಸಿಲಿನಲ್ಲಿ ಗುರುತು ಮಾಡಿಕೋ.

ನಮ್ಮ ಬಿಸಿಲು ನಿನಗೆ ಗೊತ್ತಲ್ಲ. ಬೇಸಿಗೆಯಲ್ಲಿ ಆಕಾಶ ಅರ್ಧ ಬಳಿಯುವಷ್ಟರಲ್ಲಿ ಬಳಿದದ್ದು ಒಣಗಿ ಅಂಚು ಕಟ್ಟುತ್ತದೆ. ಬೆಳಗ್ಗೆಯೇ ಕೂತುಕೋ, ಕಾಗದದ ಹಿಂಬದಿಯನ್ನೂ ನೀರಿನಲ್ಲಿ ಒದ್ದೆ ಮಾಡು, ಬೇಕಾದ ಬಣ್ಣವನ್ನು ಮೊದಲೇ ಧಾರಾಳವಾಗಿ ಕಲಸಿಟ್ಟುಕೋ. ಮೂರೇ ಟ್ಯೂಬು ಇದ್ದವರಿಗೆ ಇದು ಸುಲಭ. ಯಾವುದು ತೆಗೆಯಲಿ ಎಂದು ಹುಡುಕುತ್ತಾ ಕೂರುವ ಕೆಲಸವಿಲ್ಲ. ಒಣಗಿದ ಮೇಲೆ ಬಣ್ಣ ಒಂದು ಹಂತ ತಿಳಿಯಾಗುತ್ತದೆ, ಆದ್ದರಿಂದ ಸ್ವಲ್ಪ ಗಾಢವಾಗಿಯೇ ಹಚ್ಚು.

ಸ್ವೀಡನ್ನಿನ ಆ್ಯಂಡರ್ಸ್ ಜೋರ್ನ್ (1860–1920) ಹೆಸರಿನಲ್ಲಿ ಹಳದಿ ಮಣ್ಣು, ಕೆಂಪು, ಕಪ್ಪು, ಬಿಳಿ ಎಂಬ ನಾಲ್ಕು ಬಣ್ಣದ ಕಟ್ಟು ಪ್ರಸಿದ್ಧ. ಯಾರಾದರೂ ನಿನಗೆ ಅದನ್ನೇ ಹೇಳಿಕೊಟ್ಟಾರು. ತೈಲವರ್ಣದಲ್ಲಿ ಮುಖ ಬರೆಯುವವರಿಗೆ ಅದು ಸೈ. ಆದರೆ ನೀಲಿಯೇ ಇಲ್ಲದೆ ಕಾಲುವೆಯನ್ನು ಹೇಗೆ ಬರೆಯುತ್ತೀ? ಕಡಿಮೆ ಬಣ್ಣದ ಪಾಠ ಬೇಕಿದ್ದರೆ ಗಂಗಾವತಿ ಕಡೆಯ ಹಿರೇಬೆಣಕಲ್ ಗುಡ್ಡ ಹತ್ತಿ ಬಾ. ಅಲ್ಲಿನ ಬಂಡೆಗಳ ಮೇಲೆ ಪ್ರಾಣಿಗಳನ್ನೂ ಮನುಷ್ಯರನ್ನೂ ಬರೆದವರ ಕೈಲಿದ್ದದ್ದು ಬರೀ ಕೆಮ್ಮಣ್ಣು. ಬೆಂಗಳೂರಿಗೆ ಹೋದರೆ ಕಸ್ತೂರಬಾ ರಸ್ತೆಯ ವೆಂಕಟಪ್ಪ ಗ್ಯಾಲರಿ ತಪ್ಪಿಸಬೇಡ, ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳಲ್ಲಿ ಮಂಜನ್ನು ಹತ್ತಿರ ನಿಂತು ನೋಡು.

ಕುಪ್ಪಸದ ಗುಲಾಬಿ, ಕಾಗದದ ಹೂವಿನ ಬಣ್ಣ ಈ ಮೂರರಲ್ಲಿ ಬರುವುದಿಲ್ಲ. ಅದು ಬೇಕೇ ಬೇಕು ಅನ್ನಿಸಿದ ದಿನ ಅಟ್ಟದಿಂದ ಕ್ರಿಮ್ಸನ್ ಒಂದನ್ನು ಇಳಿಸು. ಇನ್ನು ಮೇಲೆ ಬಣ್ಣದಲ್ಲಿ ಉಳಿಯುವ ದುಡ್ಡಿನಲ್ಲಿ 300 ಜಿಎಸ್ಎಂ ಹತ್ತಿ ಕಾಗದ ತಗೋ. ತೆಳು ಹಾಳೆ ನೀರು ಕುಡಿದು ಸುಕ್ಕುಗಟ್ಟಿದರೆ ಎಂಥ ಬಣ್ಣವೂ ಉಪಯೋಗಕ್ಕೆ ಬರುವುದಿಲ್ಲ. ಆ ನೀಲಿ–ಸಿಯೆನ್ನಾ ಪಟ್ಟಿಯ ಹಿಂದೆ ಅಳತೆ ಬರೆದಿಡು, ಬರುವಾಗ ತಗೊಂಡು ಬಾ, ನೋಡೋಣ.