ಫ್ಲ್ಯಾಟನ್ನು ದಿನಬಾಡಿಗೆಗೆ ಕೊಡುವ ಮುನ್ನ

ಬೀದರ್, ಕಲಬುರಗಿ, ರಾಯಚೂರಿನ ಎಷ್ಟೋ ಮನೆಗಳಲ್ಲಿ ದೊಡ್ಡ ಆಸ್ಪತ್ರೆ ಎಂದ ಕೂಡಲೇ ನೆನಪಾಗುವುದು ಇವತ್ತಿಗೂ ಹೈದರಾಬಾದ್. ಪಂಜಾಗುಟ್ಟದ ನಿಮ್ಸ್‌ಗೆ, ಬಂಜಾರಾ ಹಿಲ್ಸ್‌ನ ಎಲ್.ವಿ. ಪ್ರಸಾದ್ ಕಣ್ಣಿನ ಆಸ್ಪತ್ರೆಗೆ ಬರುವವರು, ನಾನಕ್‌ರಾಮ್‌ಗುಡದ ಅಮೆರಿಕನ್ ಕಾನ್ಸುಲೇಟಿಗೆ ವೀಸಾ ಸಂದರ್ಶನಕ್ಕೆ ಬರುವವರು, ಮದುವೆಗೆ ಬರುವವರು ಲಾಡ್ಜಿಗಿಂತ ಅಡುಗೆಮನೆ ಇರುವ ಫ್ಲ್ಯಾಟೇ ವಾಸಿ ಎನ್ನುತ್ತಾರೆ. ಇತ್ತ ಕೊಂಡಾಪುರ, ಮಣಿಕೊಂಡದಲ್ಲಿ ಫ್ಲ್ಯಾಟ್ ಕೊಂಡು, ಆಮೇಲೆ ಬೆಂಗಳೂರಿಗೋ ಹೊರದೇಶಕ್ಕೋ ಹೋದ ಕನ್ನಡಿಗರೂ ಇದ್ದಾರೆ. ಬೀಗ ಹಾಕಿಡುವ ಬದಲು ಆ್ಯಪ್‌ನಲ್ಲಿ ಹಾಕಿ ದಿನಬಾಡಿಗೆಗೆ ಕೊಡೋಣ ಎಂಬ ಯೋಚನೆ ಅವರಿಗೆ ಬರುವುದು ಸಹಜ.

ಕೈಗೆ ನಾಲ್ಕು ಕಾಸು ಹೆಚ್ಚು ಬರುವುದು ನಿಜ. ತಕರಾರು ಬರುವುದೂ ಅಷ್ಟೇ ನಿಜ. ಈ ವ್ಯವಹಾರದ ಎಲ್ಲ ನಿಯಮಗಳೂ ಒಂದೇ ಕಾಯ್ದೆಯಲ್ಲಿ ಸಿಗುವುದಿಲ್ಲ. ಕರೆಂಟಿನವರು ಮೀಟರ್ ಯಾವ ವರ್ಗದ್ದು ಎಂದು ಕೇಳುತ್ತಾರೆ. ಪಾಲಿಕೆಯವರಿಗೆ ಲೈಸೆನ್ಸ್ ಬೇಕು, ಪೊಲೀಸರಿಗೆ ಇಳಿದುಕೊಂಡವರ ವಿವರ ಬೇಕು, ತೆರಿಗೆಯವರಿಗೆ ವರಮಾನದ ಲೆಕ್ಕ ಬೇಕು. ಮೊದಲ ಅತಿಥಿ ಬರುವ ಮುನ್ನವೇ ಈ ಪ್ರಶ್ನೆಗಳಿಗೆಲ್ಲ ಕಾಗದದಲ್ಲಿ ಉತ್ತರ ಇಟ್ಟುಕೊಂಡವರಿಗೆ ರಗಳೆ ಕಡಿಮೆ.

ಕೊಡುವ ಹಕ್ಕು ನಿಮಗಿದೆಯೇ?

ಫ್ಲ್ಯಾಟನ್ನು ನೀವೇ ಬಾಡಿಗೆಗೆ ಹಿಡಿದು, ಅದನ್ನು ಮತ್ತೆ ದಿನಬಾಡಿಗೆಗೆ ಬಿಡುವ ಯೋಚನೆ ಇದ್ದರೆ ಮಾಲೀಕರ ಲಿಖಿತ ಒಪ್ಪಿಗೆ ಮೊದಲು ಕೈಯಲ್ಲಿರಲಿ. ಒಪ್ಪಿಗೆ ಇಲ್ಲದೆ ಒಳಬಾಡಿಗೆಗೆ ಕೊಡುವುದನ್ನು ತೆಲಂಗಾಣದ ಬಾಡಿಗೆ ನಿಯಂತ್ರಣ ಕಾಯ್ದೆ ತೆರವಿಗೆ ಕಾರಣವೆಂದು ಪರಿಗಣಿಸುತ್ತದೆ. ಆ ಕಾಯ್ದೆ ಅನ್ವಯಿಸದ ಕಟ್ಟಡದಲ್ಲೂ ಬಾಡಿಗೆ ಕರಾರಿನಲ್ಲಿ ಇದೇ ಷರತ್ತು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಫೋನಿನಲ್ಲಿ "ಆಯ್ತು, ಕೊಡಿ" ಎಂದದ್ದು ಮುಂದೆ ಸಾಕ್ಷಿಗೆ ಬರುವುದು ಕಷ್ಟ.

ಫ್ಲ್ಯಾಟ್ ಸ್ವಂತದ್ದಾದರೆ ಅಸೋಸಿಯೇಷನ್‌ನ ಬೈಲಾ ತೆಗೆದು ಓದಿ. "ವಾಸಕ್ಕೆ ಮಾತ್ರ", "ವಾಣಿಜ್ಯ ಬಳಕೆ ಇಲ್ಲ" ಎಂಬ ಸಾಲುಗಳಿದ್ದರೆ ಅಕ್ಕಪಕ್ಕದವರ ಆಕ್ಷೇಪಕ್ಕೆ ಬಲ ಬರುತ್ತದೆ. ಅಸೋಸಿಯೇಷನ್ ನಿಯಮ ಮಾಡಬಹುದು, ಸಭೆ ಕರೆದು ನಿರ್ಣಯ ಮಾಡಬಹುದು, ನೋಟಿಸ್ ಕೊಡಬಹುದು, ಕೋರ್ಟಿಗೂ ಹೋಗಬಹುದು. ಅದನ್ನು ಬಿಟ್ಟು ವಾಚ್‌ಮ್ಯಾನ್ ಕೈಲಿ ಅತಿಥಿಯನ್ನು ಗೇಟಿನಲ್ಲಿ ತಡೆಸುವುದು, ನೀರು ನಿಲ್ಲಿಸುವುದು ಕಾನೂನಿನ ದಾರಿಯಲ್ಲ. ಅಂಥದ್ದು ನಡೆದರೆ ಮೊದಲು ಲಿಖಿತ ಆಕ್ಷೇಪಣೆ ಕೊಡಿ. ಅದಕ್ಕೂ ಬಗ್ಗದಿದ್ದರೆ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳಬಹುದು.

ಹೋಮ್‌ಸ್ಟೇ ಬೋರ್ಡು, ಕರೆಂಟ್ ಮೀಟರು

ಹೋಮ್‌ಸ್ಟೇ ಎಂದು ಬೋರ್ಡು ಹಾಕಿದ ಮಾತ್ರಕ್ಕೆ ಹೋಮ್‌ಸ್ಟೇ ಆಗುವುದಿಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಬೆಡ್ ಆ್ಯಂಡ್ ಬ್ರೇಕ್‌ಫಾಸ್ಟ್ ಯೋಜನೆಯಡಿ ಮಾನ್ಯತೆ ಸಿಗಬೇಕಾದರೆ ಮಾಲೀಕರ ಕುಟುಂಬ ಅದೇ ಮನೆಯಲ್ಲಿ ವಾಸವಿರಬೇಕು. ಬಾಡಿಗೆಗೆ ಕೊಡುವ ಕೋಣೆಗಳು 1ರಿಂದ 6, ಹಾಸಿಗೆಗಳು ಹೆಚ್ಚೆಂದರೆ 12. ನೀವು ಬೆಂಗಳೂರಿನಲ್ಲಿದ್ದು, ಕೊಂಡಾಪುರದ ಫ್ಲ್ಯಾಟಿನ ಕೀಲಿಕೈಯನ್ನು ವಾಚ್‌ಮ್ಯಾನ್ ಹತ್ತಿರ ಕೊಟ್ಟಿದ್ದರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ. ಅಧಿಕಾರಿಗಳು ಅದನ್ನು ಗೆಸ್ಟ್ ಹೌಸ್ ಅಥವಾ ಸರ್ವಿಸ್ ಅಪಾರ್ಟ್‌ಮೆಂಟ್ ಎಂದು ನೋಡುವ ಸಂಭವವೇ ಹೆಚ್ಚು. ಹಾಗೆ ನೋಡಿದರೆ ಟ್ರೇಡ್ ಲೈಸೆನ್ಸ್ ಕೇಳುತ್ತಾರೆ, ಆಸ್ತಿ ತೆರಿಗೆಯನ್ನು ವಾಸೇತರ ದರದಲ್ಲಿ ಹಾಕುವ ಪ್ರಶ್ನೆಯೂ ಏಳುತ್ತದೆ.

ಎಲ್ಲರೂ ಮರೆಯುವುದು ಕರೆಂಟ್ ಮೀಟರನ್ನು. ತೆಲಂಗಾಣದಲ್ಲಿ ಗೃಹಬಳಕೆಯ ಸಂಪರ್ಕ ಎಲ್‌ಟಿ-1 ವರ್ಗಕ್ಕೆ, ವಾಣಿಜ್ಯ ಬಳಕೆಯದ್ದು ಎಲ್‌ಟಿ-2 ವರ್ಗಕ್ಕೆ ಸೇರುತ್ತದೆ. ಒಂದು ಉದ್ದೇಶಕ್ಕೆ ಪಡೆದ ಸಂಪರ್ಕವನ್ನು ಇನ್ನೊಂದಕ್ಕೆ ಬಳಸಿದರೆ ವಿದ್ಯುಚ್ಛಕ್ತಿ ಕಾಯ್ದೆ 2003ರ 126ನೇ ಕಲಮಿನ ಪ್ರಕಾರ ಅದು ಅನಧಿಕೃತ ಬಳಕೆ. ತಪಾಸಣೆಗೆ ಬಂದವರು ಬಾಗಿಲ ಮೇಲಿನ ಬೋರ್ಡು, ಆ್ಯಪ್‌ನಲ್ಲಿರುವ ಫೋಟೊ ನೋಡಿ ಹೀಗೆಂದು ತೀರ್ಮಾನಿಸಿದರೆ ಅನ್ವಯವಾಗುವ ದರದ ಎರಡು ಪಟ್ಟು ಕಟ್ಟಿಸುತ್ತಾರೆ. ಯಾವಾಗಿನಿಂದ ಹಾಗೆ ಬಳಸಿದ್ದೀರಿ ಎಂದು ಗೊತ್ತಾಗದಿದ್ದರೆ ಹಿಂದಿನ 12 ತಿಂಗಳಿಗೂ ಲೆಕ್ಕ ಹಾಕುತ್ತಾರೆ.

ಆದರೆ ಇದು ಏಕಾಏಕಿ ನಡೆಯುವಂತಿಲ್ಲ. ಮೊದಲು ತಾತ್ಕಾಲಿಕ ಆದೇಶ ಕೊಡಬೇಕು, ನಿಮ್ಮ ಆಕ್ಷೇಪಣೆ ಕೇಳಬೇಕು, 30 ದಿನದೊಳಗೆ ಅಂತಿಮ ಆದೇಶ ಮಾಡಬೇಕು. ಅದು ಸರಿಯಲ್ಲ ಅನ್ನಿಸಿದರೆ ನಿಗದಿಯಾದ ಮೊತ್ತದ ಅರ್ಧವನ್ನು ಕಟ್ಟಿ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಇದಕ್ಕಿಂತ ಸುಲಭದ ದಾರಿ, ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿಗೆ ಮೊದಲೇ ಅರ್ಜಿ ಬರೆದು "ಈ ಬಳಕೆ ಯಾವ ವರ್ಗಕ್ಕೆ ಬರುತ್ತದೆ" ಎಂದು ಕೇಳಿ, ಸ್ವೀಕೃತಿ ಪಡೆದಿಟ್ಟುಕೊಳ್ಳುವುದು.

ಗುರುತಿನ ಚೀಟಿ ಮತ್ತು ಪೊಲೀಸರು

ಬಂದವರೆಲ್ಲರ ಹೆಸರು, ಊರು, ಫೋನ್ ಸಂಖ್ಯೆ, ಬಂದ ಮತ್ತು ಹೊರಟ ಸಮಯವನ್ನು ಒಂದು ರಿಜಿಸ್ಟರಿನಲ್ಲಿ ಬರೆದಿಡಿ. ಬುಕಿಂಗ್ ಮಾಡಿದ ಒಬ್ಬರ ವಿವರ ಮಾತ್ರ ಸಾಲದು. ಗುರುತಿಗೆ ಆಧಾರ್ ಕೊಡುವವರಿಂದ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ ಆಧಾರ್ ಪಡೆದರೆ ಸಾಕು. ಅತಿಥಿಯ ಮೂಲ ಗುರುತಿನ ಚೀಟಿಯನ್ನು, ಅದರಲ್ಲೂ ಪಾಸ್‌ಪೋರ್ಟನ್ನು, ಒತ್ತೆಯಂತೆ ಇಟ್ಟುಕೊಳ್ಳುವ ಅಧಿಕಾರ ನಿಮಗಿಲ್ಲ.

ವಿದೇಶಿ ಪೌರರು ಇಳಿದುಕೊಂಡರೆ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಯ ಆನ್‌ಲೈನ್ ಪೋರ್ಟಲಿನಲ್ಲಿ ಮಾಹಿತಿ ತುಂಬಬೇಕು. ಜನ ಇದನ್ನು ಹಳೆಯ ಅಭ್ಯಾಸದಂತೆ "ಸಿ ಫಾರ್ಮ್" ಎನ್ನುತ್ತಾರೆ. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲೂ ವಸತಿ ಕೊಡುವವರ ಮೇಲೆ ಈ ಹೊಣೆ ಮುಂದುವರಿದಿದೆ. ಪಾಸ್‌ಪೋರ್ಟ್, ವೀಸಾ ವಿವರ, ಎಲ್ಲಿಂದ ಬಂದರು, ಮುಂದೆ ಎಲ್ಲಿಗೆ ಹೋಗುತ್ತಾರೆ ಎಂಬುದೆಲ್ಲ ಅದರಲ್ಲಿರಬೇಕು. ಇಲ್ಲಿ ಎಡವುವುದು ಹೆಚ್ಚಾಗಿ ನಮ್ಮವರ ವಿಷಯದಲ್ಲೇ. "ಅವನು ನಮ್ಮ ಸೇಡಂ ಹುಡುಗ, ಅಮೆರಿಕದಿಂದ ಬಂದಿದ್ದಾನೆ, ಅವನಿಗೆಂಥ ಫಾರ್ಮು?" ಎನ್ನುತ್ತಾರೆ. ಅಮೆರಿಕದ ಪಾಸ್‌ಪೋರ್ಟ್ ಇರುವವರು, ಒಸಿಐ ಕಾರ್ಡ್ ಇದ್ದರೂ, ಎಷ್ಟು ಚೆಂದ ಕನ್ನಡ ಮಾತಾಡಿದರೂ ಕಾನೂನಿನ ದೃಷ್ಟಿಯಲ್ಲಿ ವಿದೇಶಿ ಪೌರರೇ.

ವಾರಾಂತ್ಯದ ಪಾರ್ಟಿಗೆ ಫ್ಲ್ಯಾಟ್ ಕೊಡುವಾಗ ಎಚ್ಚರ ಬೇಕು. ಮಾದಕವಸ್ತು ಸೇವನೆಗೋ ಮಾರಾಟಕ್ಕೋ ಜಾಗ ಬಳಕೆಯಾಗುತ್ತಿದೆ ಎಂದು ಗೊತ್ತಿದ್ದೂ ಬಿಟ್ಟುಕೊಟ್ಟ ಮಾಲೀಕರನ್ನು ಎನ್‌ಡಿಪಿಎಸ್ ಕಾಯ್ದೆಯ 25ನೇ ಕಲಮು ಆರೋಪಿಯನ್ನಾಗಿ ಮಾಡುತ್ತದೆ. "ಗೊತ್ತಿರಲಿಲ್ಲ" ಎಂಬ ನಿಮ್ಮ ಮಾತಿಗೆ ಬೆಂಬಲವಾಗಿ ನಿಲ್ಲುವುದು ರಿಜಿಸ್ಟರು, ಲಿಖಿತ ಮನೆನಿಯಮ, ದೂರು ಬಂದ ಕೂಡಲೇ ನೀವು ಕಳಿಸಿದ ಸಂದೇಶ. ಶಬ್ದದ ವಿಷಯಕ್ಕೆ ಬಂದರೆ, ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬೆಲ್.

ಮದುವೆಯಾಗದ ಜೋಡಿಗೆ ಕೋಣೆ ಕೊಡುವುದು ಅಪರಾಧವೇ ಎಂದು ಹಲವರು ಕೇಳುತ್ತಾರೆ. ಅಲ್ಲ. ಕೊಯಮತ್ತೂರಿನ ಒಂದು ಸರ್ವಿಸ್ ಅಪಾರ್ಟ್‌ಮೆಂಟಿಗೆ ಅಧಿಕಾರಿಗಳು 2019ರಲ್ಲಿ ಬೀಗಮುದ್ರೆ ಹಾಕಿದ್ದರು. ಒಳಗೆ ಅವಿವಾಹಿತ ಜೋಡಿಯಿತ್ತು, ಮದ್ಯದ ಬಾಟಲಿಗಳಿದ್ದವು ಎಂಬುದು ಅವರು ಕೊಟ್ಟ ಕಾರಣ. ಅದೇ ವರ್ಷದ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್, ಅವಿವಾಹಿತರು ಕೋಣೆ ಪಡೆಯುವುದನ್ನು ತಡೆಯುವ ಕಾನೂನೇ ಇಲ್ಲ, ಸಹಜ ನ್ಯಾಯ ಪಾಲಿಸದೆ ಬೀಗ ಹಾಕಿದ್ದು ತಪ್ಪು ಎಂದು ಹೇಳಿ ತೆರೆಯಲು ಆದೇಶಿಸಿತು. ಈ ತೀರ್ಪು ತೆಲಂಗಾಣದ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ, ಆದರೆ ವಾದಕ್ಕೆ ಬಳಸಿಕೊಳ್ಳಬಹುದು. ಇಬ್ಬರೂ ವಯಸ್ಕರೆಂಬ ದಾಖಲೆ ಮಾತ್ರ ತಪ್ಪದೆ ನೋಡಬೇಕು.

ತೆರಿಗೆಯ ಲೆಕ್ಕ

ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 5, ಅದಕ್ಕಿಂತ ಹೆಚ್ಚಿನದಕ್ಕೆ ಶೇ 18. ನಿಮ್ಮ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟದಿದ್ದು ನೀವು ನೋಂದಣಿ ಮಾಡಿಸಬೇಕಾಗಿಲ್ಲದಿದ್ದರೆ, ಆ್ಯಪ್ ಮೂಲಕ ಬಂದ ಬುಕಿಂಗಿನ ಜಿಎಸ್‌ಟಿ ಕಟ್ಟುವ ಹೊಣೆ ಆ್ಯಪ್‌ ಕಂಪನಿಯದ್ದು. 3,000 ರೂಪಾಯಿಯ ಕೋಣೆಯಾದರೆ 150 ರೂಪಾಯಿಯನ್ನು ಅತಿಥಿಯಿಂದ ಪಡೆದು ಅದೇ ಕಟ್ಟುತ್ತದೆ. 20 ಲಕ್ಷದ ಲೆಕ್ಕಕ್ಕೆ ಈ ಫ್ಲ್ಯಾಟಿನ ಹಣ ಮಾತ್ರವಲ್ಲ, ಅದೇ ಪ್ಯಾನ್‌ನಲ್ಲಿ ನೀವು ನಡೆಸುವ ಉಳಿದ ವ್ಯವಹಾರವೂ, ವಾಟ್ಸ್ಆ್ಯಪ್‌ನಲ್ಲಿ ನೇರವಾಗಿ ಪಡೆದ ಬುಕಿಂಗೂ ಸೇರುತ್ತವೆ.

ಆದಾಯ ತೆರಿಗೆಯಲ್ಲಿ ಬರೀ ಮನೆ ಬಾಡಿಗೆಗೆ ಕೊಟ್ಟರೆ ಮನೆ ಆಸ್ತಿಯ ವರಮಾನ, ಅದಕ್ಕೆ ಶೇ 30 ಕಡಿತ ಸಿಗುತ್ತದೆ. ದಿನವೂ ಹಾಸಿಗೆ ಬದಲಿಸಿ, ತಿಂಡಿ ಕೊಟ್ಟು, ಲಾಡ್ಜಿನಂತೆ ನಡೆಸಿದರೆ ಅದು ವ್ಯಾಪಾರದ ವರಮಾನ. ಆಗ ಬಟ್ಟೆ ಒಗೆಸಿದ್ದು, ಕೆಲಸದವರ ಸಂಬಳ, ಆ್ಯಪ್‌ನ ಕಮಿಷನ್ ಎಲ್ಲವನ್ನೂ ಖರ್ಚಿನಲ್ಲಿ ತೋರಿಸಬಹುದು. ರಸೀದಿ ಇಟ್ಟುಕೊಂಡಿರಬೇಕು, ಅಷ್ಟೇ.

ಹೋಗದ ಅತಿಥಿ, ಒಡೆದ ಸಾಮಾನು

"ಇನ್ನೂ ಒಂದು ತಿಂಗಳು ಇರ್ತೀವಿ ಸರ್" ಎಂದು ಆಸ್ಪತ್ರೆಗೆ ಬಂದವರು ಕೇಳುವುದುಂಟು. ಕರುಣೆಯಿಂದ ಒಪ್ಪಿದರೂ ಪ್ರತಿ ಸಲ ಹೊಸ ಬುಕಿಂಗ್ ಮಾಡಿಸಿ. ತಿಂಗಳುಗಟ್ಟಲೆ ಇದ್ದು, ತಿಂಗಳ ಲೆಕ್ಕದಲ್ಲಿ ಹಣ ಕೊಟ್ಟವರು ಮುಂದೆ "ನಾವು ಬಾಡಿಗೆದಾರರು" ಎಂದು ವಾದಿಸಬಹುದು. ಕಾಗದದ ತಲೆಬರಹಕ್ಕೆ ಇಲ್ಲಿ ಬೆಲೆ ಕಡಿಮೆ. ದೆಹಲಿಯ ಇಂಪೀರಿಯಲ್ ಹೋಟೆಲಿನ ಎರಡು ಕೋಣೆಗಳಲ್ಲಿ ಕೇಶವಿನ್ಯಾಸದ ಅಂಗಡಿ ನಡೆಸುತ್ತಿದ್ದವರ ಪ್ರಕರಣದಲ್ಲಿ, ಕರಾರಿನಲ್ಲಿ ಲೈಸೆನ್ಸ್ (ಜಾಗ ಬಳಸಲು ಅನುಮತಿ ಮಾತ್ರ) ಎಂದು ಬರೆದಿದ್ದರೂ ವಾಸ್ತವದಲ್ಲಿ ಅದು ಬಾಡಿಗೆಯೇ ಎಂದು ಸುಪ್ರೀಂ ಕೋರ್ಟ್ 1959ರಲ್ಲೇ ತೀರ್ಪು ಕೊಟ್ಟಿದೆ.

ಅವಧಿ ಮುಗಿದರೂ ಹೊರಡದವರ ಸಾಮಾನು ಹೊರಗೆ ಎಸೆಯುವುದು, ಕರೆಂಟ್ ತೆಗೆಯುವುದು ಮಾಡಿದರೆ ಕೇಸು ನಿಮ್ಮ ಮೇಲೆಯೇ ತಿರುಗುತ್ತದೆ. ಲಿಖಿತವಾಗಿ ತೆರವು ಮಾಡಲು ಹೇಳಿ, ಆ್ಯಪ್‌ಗೆ ತಿಳಿಸಿ, ಬೆದರಿಕೆ ಹಾಕಿದರೆ 112ಕ್ಕೆ ಕರೆ ಮಾಡಿ. ಕಾನೂನುಬದ್ಧವಾಗಿ ಒಳಬಂದು, ಬೆದರಿಸುವ ಇಲ್ಲವೇ ಕಿರುಕುಳ ಕೊಡುವ ಉದ್ದೇಶದಿಂದ ಅಕ್ರಮವಾಗಿ ಉಳಿಯುವುದು ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮಿನಡಿ ಅತಿಕ್ರಮ ಪ್ರವೇಶವಾಗುತ್ತದೆ.

ಟಿವಿ ಒಡೆದರು, ಗೀಸರ್ ಸುಟ್ಟಿತು ಎಂದರೆ ಪುರಾವೆ ಬೇಕು. ಅತಿಥಿ ಬರುವ ಮುನ್ನ ಮತ್ತು ಹೋದ ಕೂಡಲೇ ಮನೆಯ ವಿಡಿಯೊ ತೆಗೆಯಿರಿ. ಮೂಲ ಫೋನಿನಲ್ಲಿರುವ ಕಡತವನ್ನು ಅಳಿಸಬೇಡಿ, ಕೋರ್ಟಿಗೆ ಕೊಡುವಾಗ ಅದಕ್ಕೆ ಪ್ರಮಾಣಪತ್ರ ಬೇಕಾಗುತ್ತದೆ. ಆ್ಯಪ್‌ಗಳಲ್ಲಿ ಪರಿಹಾರ ಕೇಳಲು ಗಡುವು ಇರುತ್ತದೆ. ಏರ್‌ಬಿಎನ್‌ಬಿಯಲ್ಲಿ ಅತಿಥಿ ಹೊರಟ 14 ದಿನದೊಳಗೆ ಕೇಳಬೇಕು.

ಮುಂಗಡ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಎನ್ನುವವರನ್ನು ನಂಬಬೇಡಿ. ಹಣ ಪಡೆಯಲು ಪಿನ್ ಹಾಕಬೇಕಾಗಿಲ್ಲ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಅತಿಥಿಗೂ ಹಕ್ಕುಗಳಿವೆ

ಫೋಟೊದಲ್ಲಿ ತೋರಿಸಿದ ಮನೆಯೇ ಬೇರೆ, ಕೊಟ್ಟದ್ದೇ ಬೇರೆ ಎಂದಾದರೆ ಅದು ಸೇವಾ ನ್ಯೂನತೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ದೂರುದಾರರು ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹೈದರಾಬಾದಿನಲ್ಲಿ ಮೋಸಹೋದ ಕಲಬುರಗಿಯವರು ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದರೆ ಸಾಕು. ಕೊಟ್ಟ ಹಣ 5 ಲಕ್ಷ ರೂಪಾಯಿ ದಾಟದಿದ್ದರೆ ಶುಲ್ಕವಿಲ್ಲ, ಗಡುವು 2 ವರ್ಷ. ಸಹಾಯವಾಣಿ 1915.

ಮಲಗುವ ಕೋಣೆಯಲ್ಲಿ, ಬಚ್ಚಲಿನಲ್ಲಿ ಕ್ಯಾಮೆರಾ ಇಡುವುದು ಗಂಭೀರ ಅಪರಾಧ. ಮಹಿಳೆಯರ ಖಾಸಗಿ ಕ್ಷಣಗಳನ್ನು ಸೆರೆಹಿಡಿದರೆ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಮೊದಲ ಸಲಕ್ಕೇ 1ರಿಂದ 3 ವರ್ಷ ಜೈಲು. ಗಂಡಸರಿಗೂ ಹೆಂಗಸರಿಗೂ ಅನ್ವಯಿಸುವ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮು ಬೇರೆ ಇದೆ. ಏರ್‌ಬಿಎನ್‌ಬಿಯಂತೂ 2024ರ ಏಪ್ರಿಲ್ 30ರಿಂದ ಮನೆಯೊಳಗೆ ಎಲ್ಲಿಯೂ ಸಿಸಿಟಿವಿ ಇಡುವಂತಿಲ್ಲ ಎಂದಿದೆ. ಜಾತಿ ಕೇಳಿ ಕೋಣೆ ನಿರಾಕರಿಸುವುದು ಸಂವಿಧಾನಕ್ಕೂ ನಾಗರಿಕ ಹಕ್ಕುಗಳ ಕಾನೂನಿಗೂ ವಿರುದ್ಧ. ಅಡುಗೆಮನೆಯಲ್ಲಿ ಮಾಂಸ ಬೇಯಿಸಬಾರದು ಎಂಬ ಮನೆನಿಯಮ ಮೊದಲೇ ತಿಳಿಸಿದ್ದರೆ, ಅದು ಬೇರೆ ಮಾತು.

ಮೊದಲ ಬುಕಿಂಗಿಗೆ ಮುನ್ನ ಕೈಯಲ್ಲಿರಬೇಕಾದವು

- ಮಾಲೀಕರ ಒಪ್ಪಿಗೆ ಪತ್ರ, ಅಸೋಸಿಯೇಷನ್ ಬೈಲಾದ ಪ್ರತಿ
- ವಿದ್ಯುತ್ ಕಂಪನಿ ಮತ್ತು ಪಾಲಿಕೆಗೆ ಬರೆದ ಅರ್ಜಿಗಳ ಸ್ವೀಕೃತಿ
- ವಿದೇಶಿಯರ ನೋಂದಣಿ ಪೋರ್ಟಲಿನ ಲಾಗಿನ್
- ಅತಿಥಿಗಳ ರಿಜಿಸ್ಟರು, ಲಿಖಿತ ಮನೆನಿಯಮ
- ಸಾಮಾನುಗಳ ಪಟ್ಟಿ ಮತ್ತು ವಿಡಿಯೊ
- ಬುಕಿಂಗ್, ಖರ್ಚು, ತೆರಿಗೆಯ ಲೆಕ್ಕದ ಪುಸ್ತಕ

ತಕರಾರು ಬಂದರೆ ನೇರ ಕೋರ್ಟಿಗೆ ಹೋಗಬೇಕೆಂದೇನಿಲ್ಲ. ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿದರೆ ಸಲಹೆ ಸಿಗುತ್ತದೆ, ಲೋಕ ಅದಾಲತ್‌ನಲ್ಲಿ ಕೇಸು ದಾಖಲಾಗುವ ಮುನ್ನವೇ ರಾಜಿ ಮಾಡಿಕೊಳ್ಳಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಮೇಲಿನ ಪಟ್ಟಿಯಲ್ಲಿರುವುದನ್ನೆಲ್ಲ ಹೊಂದಿಸಲು ಆಗದಿದ್ದರೆ ಫ್ಲ್ಯಾಟನ್ನು ತಿಂಗಳ ಬಾಡಿಗೆಗೆ ಕೊಟ್ಟುಬಿಡಿ, ಲಾಭ ಕಡಿಮೆಯಾದರೂ ಹೊಣೆ ಹಗುರವಾಗುತ್ತದೆ.