ಬಲಗೈ ಇನ್ನೂ ಅವರದೇ

ಪ್ರಶ್ನೆ: ನನಗೆ 45 ವರ್ಷ, ಪ್ರಾಥಮಿಕ ಶಾಲೆಯಲ್ಲಿ ಟೀಚರ್. ನಾಲ್ಕು ತಿಂಗಳ ಹಿಂದೆ ಅತ್ತೆಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿದೆ. ಊಟ, ಸ್ನಾನ, ಬಟ್ಟೆ ಎಲ್ಲವೂ ನನ್ನ ಕೈಲೇ. ಮಗಳು ಸೆಕೆಂಡ್ ಪಿಯುಸಿ. ಇಷ್ಟು ಮಾಡಿದರೂ ಅತ್ತೆ ಮುಖ ತಿರುಗಿಸುತ್ತಾರೆ, ತುತ್ತು ಉಗುಳುತ್ತಾರೆ. ಮೊನ್ನೆ ತಡೆಯಲಾರದೆ ಗದರಿಬಿಟ್ಟೆ. ಅಂದಿನಿಂದ ನಿದ್ದೆಯಿಲ್ಲ. ಅವರ ಸೊಂಟದ ಹಿಂದೆ ಚರ್ಮ ಬೇರೆ ಕೆಂಪಾಗಿದೆ.
– ಒಬ್ಬ ಓದುಗರು, ಹಾವೇರಿ

ಉತ್ತರ: ಮೊದಲು ಆ ಕೆಂಪಿನ ಮಾತು, ಅದು ಕಾಯುವಂಥದ್ದಲ್ಲ. ಬೆರಳಿನಿಂದ ಒತ್ತಿ ನೋಡಿ. ಒತ್ತಿದಾಗಲೂ ಬಿಳಿಚದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ ಎಂದರ್ಥ; ತಡಮಾಡದೆ ವೈದ್ಯರಿಗೆ ತೋರಿಸಿ. ಎಣ್ಣೆ ಹಚ್ಚಿ ತಿಕ್ಕಬೇಡಿ, ಒಳಗಿನ ಮಾಂಸಕ್ಕೆ ಇನ್ನಷ್ಟು ಪೆಟ್ಟಾಗುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿಕೊಳ್ಳಿ. ಎತ್ತುವಾಗ ಎಡಗೈ ಹಿಡಿದು ಎಳೆಯಬೇಡಿ, ಭುಜ ಜಾರೀತು.

ತುತ್ತು ಉಗುಳುವುದು ಸಿಟ್ಟಿನಿಂದಲೇ ಇರಬೇಕೆಂದಿಲ್ಲ. ಲಕ್ವದ ನಂತರ ಎಷ್ಟೋ ಮಂದಿಗೆ ನುಂಗಲು ಕಷ್ಟವಾಗುತ್ತದೆ, ಅನ್ನ ಬಿದ್ದ ಕಡೆಯ ಕೆನ್ನೆಯಲ್ಲೇ ಉಳಿಯುತ್ತದೆ. ನೀರು ಕುಡಿಯುವಾಗ ಕೆಮ್ಮು ಬರುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ನೆಟ್ಟಗೆ ಕೂರಿಸಿ ಚಿಕ್ಕ ಚಮಚದಲ್ಲಿ ಉಣಿಸಿ. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡಿ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು 'ಎಲ್ಲವೂ ನನ್ನ ಕೈಲೇ' ಎಂಬ ಮಾತು. ಅಮೆರಿಕದ ನರ್ಸ್ ವರ್ಜೀನಿಯಾ ಹೆಂಡರ್ಸನ್ ರೋಗಿಯ 14 ಮೂಲ ಅಗತ್ಯಗಳನ್ನು ಗುರುತಿಸಿದ್ದರು. ಉಸಿರು, ಊಟ, ನಿದ್ದೆಯ ಜೊತೆಗೆ ಪೂಜೆ, ಕೆಲಸ, ಮನರಂಜನೆಯೂ ಅದರಲ್ಲಿವೆ. ರೋಗಿಗೆ ತಾನಾಗಿ ಮಾಡಲಾಗದ್ದನ್ನಷ್ಟೇ ನಾವು ಮಾಡಬೇಕು, ಆದಷ್ಟು ಬೇಗ ಅದನ್ನೂ ಅವರಿಗೇ ಒಪ್ಪಿಸಬೇಕು ಎಂಬುದು ಆಕೆಯ ನಿಲುವು. ಅತ್ತೆಯ ಬಲಗೈ ಚೆನ್ನಾಗಿದೆಯಲ್ಲ? ಚಮಚ ಆ ಕೈಗೆ ಕೊಡಿ, ಚೆಲ್ಲಿದರೆ ಚೆಲ್ಲಲಿ. ಮುಖ ಅವರೇ ಒರೆಸಿಕೊಳ್ಳಲಿ. ತಟ್ಟೆಯಲ್ಲಿ ತೊಗರಿಬೇಳೆ ಹರಡಿ ಆರಿಸಿಕೊಡಲು ಹೇಳಿ. ಮನೆ ನಡೆಸಿದ ಹೆಂಗಸು ಅವರು. ಇನ್ನೊಬ್ಬರು ಬಟ್ಟೆ ಬಿಚ್ಚುವಾಗ ಸುಮ್ಮನೆ ಮಲಗಿರುವುದು ಎಂಥ ಸಂಕಟ! ಮುಟ್ಟುವ ಮೊದಲು 'ಅತ್ತೆ, ಈಗ ಮಗ್ಗುಲಿಗೆ ತಿರುಗಿಸ್ತೀನಿ' ಅನ್ನಿ, ಬಾಗಿಲು ಮುಚ್ಚಿ. ಗದರಿದ್ದಕ್ಕೆ ಪಕ್ಕದಲ್ಲಿ ಕೂತು 'ತಪ್ಪಾಯ್ತು' ಎಂದುಬಿಡಿ, ನಿಮ್ಮಿಬ್ಬರ ಎದೆಯೂ ಹಗುರಾಗುತ್ತದೆ.

ಇನ್ನು ನಿಮ್ಮ ಮಾತು. ಕುಟುಂಬದ ಬದುಕನ್ನು ಎಂಟು ಹಂತಗಳಾಗಿ ನೋಡಿದವರು ಈವ್ಲಿನ್ ಡುವಾಲ್. ಹದಿಹರೆಯದ ಮಕ್ಕಳಿರುವುದು ಐದನೆಯ ಹಂತ, ಮುಪ್ಪು ಎಂಟನೆಯದು. ನಿಮ್ಮ ಮನೆಯಲ್ಲಿ ಎರಡೂ ಒಂದೇ ಸೂರಿನಡಿ ನಡೆದಿವೆ, ನಡುವೆ ನೀವೊಬ್ಬರೇ ನಿಂತಿದ್ದೀರಿ. ಇಡೀ ಪತ್ರದಲ್ಲಿ ಯಜಮಾನರ ಸುಳಿವೇ ಇಲ್ಲವಲ್ಲ! ಅವರು ಊರಲ್ಲೇ ಇದ್ದರೆ ಇವತ್ತು ರಾತ್ರಿ ಹತ್ತು, ಹನ್ನೆರಡು, ಎರಡು ಗಂಟೆಗೆ ತಾಯಿಯ ಮಗ್ಗುಲು ಬದಲಿಸುವ ಪಾಳಿ ಅವರದಾಗಲಿ. ಅಲಾರಂ ಅವರ ಫೋನಿನಲ್ಲೇ ಇರಲಿ.